ಸೇತುವೆ ಬುಡದ ಎರಡು ಡಬ್ಬಿ

ಬೆಳಗಿನ ಐದೂಕಾಲು. ಸೇತುವೆಯ ಬುಡದಲ್ಲಿ ಪಂಕ್ಚರ್ ಅಂಗಡಿಯ ಅಕ್ಕ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಾಳೆ. ಕೈ ನೀರಲ್ಲಿ, ಕಣ್ಣು ರಸ್ತೆಯಲ್ಲಿ. ಸೈಕಲ್ಲೊಂದು ದಾಟಿದರೆ ಸಾಕು, ಹಳೇ ಚಕ್ರದಿಂದ ಬಿಚ್ಚಿಟ್ಟ ಉಕ್ಕಿನ ಗುಂಡೊಂದು ಡಬ್ಬಿಗೆ ಬೀಳುತ್ತದೆ. ಟಣ್!

ಡಬ್ಬಿ ಎರಡಿವೆ. ಸೈಕಲ್ ಹತ್ತಿಕೊಂಡು ಹೋಗುವವರದ್ದು ಒಂದು. ಹೆದರಿ ಇಳಿದು ತಳ್ಳಿಕೊಂಡು ಹೋಗುವವರದ್ದು ಇನ್ನೊಂದು. ಇಷ್ಟು ದಿನ ಎರಡನೆಯದೇ ಮೊದಲು ತುಂಬುತ್ತಿತ್ತು.

ಎರಡು ವರ್ಷದ ಹಿಂದೆ, ಸೈಕಲ್ಲಿಗೆ ಬೇರೆ ದಾರಿ ಕೊಡಿ ಎಂದು ಅರ್ಜಿ ಹಿಡಿದು ಹೋದವಳಿಗೆ ನಗರಸಭೆಯ ಎಂಜಿನಿಯರ್, "ಸೇತುವೆ ಮೇಲೆ ಸೈಕಲ್ಲೇ ಇಲ್ವಲ್ಲಮ್ಮ" ಅಂದಿದ್ದರು. ಅವರ ಕಡೆಯವರು ಎಣಿಸಿದ್ದು ಹತ್ತು ಗಂಟೆಯ ಮೇಲೆ. ತಳ್ಳಿಕೊಂಡು ಹೋದವರನ್ನು ಪಾದಚಾರಿಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು!

"ಹತ್ತು ಗಂಟೆಗೆ ಯಾರಿರ್ತಾರೆ? ನೆಲ ಒರೆಸೋರು, ಪೇಪರ್ ಹಾಕೋರು, ಮಿಲ್ಲಿಗೆ ಹೋಗೋರು ಎಲ್ರೂ ಏಳಕ್ಕೆಲ್ಲ ದಾಟಿರ್ತಾರೆ. ಇನ್ನು ತಳ್ಳೋರು, ಕೈ ಹಿಡ್ಕೊಂಡು ವಾಕಿಂಗ್ ಕರ್ಕೊಂಡು ಹೋಗೋಕೆ ಸೈಕಲ್ ತಗೊಂಡಿದ್ದಾರಾ?" ಎಂದು ಅಕ್ಕ ಈಗಲೂ ರೇಗುತ್ತಾಳೆ.

ತಳ್ಳುವವರಲ್ಲಿ ಅವಳ ತಂಗಿಯೂ ಒಬ್ಬಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಮೂರು ವರ್ಷದ ಹಿಂದೆ ಇದೇ ಸೇತುವೆಯ ಮೇಲೆ ಬಸ್ಸೊಂದು ಸವರಿಕೊಂಡು ಹೋಗಿ ಮೊಣಕಾಲು ಮುರಿಯಿತು. ಅಂದಿನಿಂದ ಇಲ್ಲಿ ಇಳಿದುಬಿಡುತ್ತಾಳೆ. ಕುಂಟುತ್ತ ಅರ್ಧ ಕಿಲೋಮೀಟರ್ ತಳ್ಳುತ್ತಾಳೆ.

ಅಕ್ಕ ಪಟ್ಟು ಬಿಡಲಿಲ್ಲ. ತಿಂಗಳಿಗೊಮ್ಮೆ ಅವತ್ತಿನ ಡಬ್ಬಿಗಳನ್ನೇ ಎತ್ತಿಕೊಂಡು ಹೋಗಿ ಎಂಜಿನಿಯರ್ ಮೇಜಿನ ಮೇಲೆ ಸುರಿದಳು. ಗುಂಡುಗಳು ಕಪಾಟಿನಡಿಗೆಲ್ಲ ಉರುಳಿ, ಇಡೀ ಕಚೇರಿ ನೆಲಕ್ಕೆ ಬಗ್ಗಿ ಹುಡುಕಿತು. ಒಂದು ಬೆಳಗಿಗೆ ನಾನೂರ ಹನ್ನೆರಡು. ತಳ್ಳುವವರೇ ಇನ್ನೂರ ಅರವತ್ತು. ಕೊನೆಗೂ ನಿನ್ನೆ ಸಂಜೆ, ಬರೀ ಬಿಳಿ ಗೆರೆ ಎಳೆದು ಕೈತೊಳೆದುಕೊಳ್ಳದೆ, ಸೈಕಲ್ ದಾರಿಗೂ ಬಸ್ಸಿನ ದಾರಿಗೂ ನಡುವೆ ಮೊಣಕಾಲೆತ್ತರದ ಕಾಂಕ್ರೀಟ್ ಕಟ್ಟೆಯನ್ನೇ ಕೂರಿಸಿದ್ದಾರೆ. ತಿಂಗಳ ಮಟ್ಟಿಗೆ ಪರೀಕ್ಷೆ. ತಳ್ಳುವವರು ಸೈಕಲ್ ಹತ್ತದಿದ್ದರೆ ಕಟ್ಟೆ ಎತ್ತಿಬಿಡುತ್ತಾರೆ.

"ಈ ಎರಡನೇ ಡಬ್ಬಿ ಖಾಲಿ ಆದ್ರೆ ಸಾಕು, ಅದರಲ್ಲಿ ಪ್ಯಾಚ್ ತುಂಡು ಇಟ್ಕೋತೀನಿ," ಎನ್ನುತ್ತಾಳೆ.

ಇವತ್ತು ಮೊದಲ ಬೆಳಗು. ಅದೇ ಎಂಜಿನಿಯರ್ ತಾವೇ ಬಂದು ಅವಳ ಮುರುಕು ಸ್ಟೂಲಿನ ಮೇಲೆ ಕೂತಿದ್ದಾರೆ. ಟಣ್, ಟಣ್, ಟಣ್! ಮೊದಲ ಡಬ್ಬಿಗೆ ಪುರುಸೊತ್ತೇ ಇಲ್ಲ.

"ನಂದೂ ಒಂದು ಹಾಕಮ್ಮೋ!" ಪೇಪರ್ ಹಾಕುವ ಮುದುಕ ಎರಡೂ ಕೈ ಮೇಲೆತ್ತಿ ಕೂಗುತ್ತಾನೆ.

"ಹ್ಯಾಂಡಲ್ ಹಿಡ್ಕೋ ತಾತ, ಕಟ್ಟೆ ಕಟ್ಟಿದ್ದು ಸರ್ಕಸ್ಸಿಗಲ್ಲ!"

ಅಷ್ಟರಲ್ಲಿ ತಂಗಿ ಬರುತ್ತಾಳೆ. ಏರು ಶುರುವಾಗುವಲ್ಲಿ ಎಂದಿನಂತೆ ಒಂದು ಕಾಲು ನೆಲಕ್ಕೂರುತ್ತಾಳೆ. ಅಕ್ಕನ ಕೈಯಲ್ಲಿ ಗುಂಡು ಹಾಗೇ ನಿಲ್ಲುತ್ತದೆ, ಎರಡು ಡಬ್ಬಿಗಳ ನಡುವೆ. ತಂಗಿ ಚಪ್ಪಲಿಕಾಲಿಂದ ಕಟ್ಟೆಯನ್ನೊಮ್ಮೆ ಒದ್ದು ನೋಡುತ್ತಾಳೆ. ಜಗ್ಗುವುದಿಲ್ಲ. ಮತ್ತೊಮ್ಮೆ ಒದೆಯುತ್ತಾಳೆ. ಆಮೇಲೆ ಪೆಡಲ್ ತುಳಿದವಳೇ, ಬೆಲ್ ಬಾರಿಸುತ್ತ, ಕಟ್ಟೆಯಾಚೆ ಗುರುಗುಟ್ಟುವ ಬಸ್ಸಿಗೆ ಸಮನಾಗಿ ಏರು ಹತ್ತುತ್ತಾಳೆ.

"ಒಂದು ಬಿಟ್ರಲ್ಲಮ್ಮ," ಎಂಜಿನಿಯರ್ ನಗುತ್ತಾರೆ. "ನಿಮ್ಮ ತಂಗಿ ತಾನೆ? ಹೋಗ್ಲಿ, ಎರಡು ಹಾಕ್ಕೊಳ್ಳಿ."

ಅಕ್ಕ ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ, ಕೆನ್ನೆಯೆಲ್ಲ ಕಪ್ಪು.

"ಒಂದೇ ಸಾರ್. ಲೆಕ್ಕ ಅಂದ್ರೆ ಲೆಕ್ಕ."

ಟಣ್.