ಟೀ ಅಕ್ಕನ ಮಗಳಿಗೆ ಸೀಟು ಸಿಕ್ಕಿತು

ಮೊದಲ ಸಲ ನೋಡಿದಾಗ ನಾನು ಆಕೆಯನ್ನು ಯಾರೋ ಹಿರಿಯ ನಟಿ ಎಂದುಕೊಂಡಿದ್ದೆ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ, ಇನ್ನರ್ಧ ವಿಶ್ವವಿದ್ಯಾಲಯದ್ದು. ಅಲ್ಲಿನ ಮಾಧ್ಯಮ ಮತ್ತು ಸೃಜನಶೀಲ ಉದ್ಯಮಗಳ ವಿಭಾಗದವರು ವಿದ್ಯಾರ್ಥಿಗಳ ಕಿರುಚಿತ್ರ ತೋರಿಸುವ ವಾರ್ಷಿಕ ಸಮಾರಂಭಕ್ಕೆ ಪುಸ್ತಕ ಬರೆಯುವ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಕರೆಯಬೇಕಾಗಿದ್ದವರು ಬೇರೆ, ಅವರಿಗೆ ಜ್ವರ ಬಂದಿತ್ತು.

ಒಟ್ಟು ಹನ್ನೊಂದು ಚಿತ್ರ. ಒಂಬತ್ತರಲ್ಲಿ ಇದ್ದದ್ದು ಅದೇ ಒಬ್ಬ ಹೆಂಗಸು. ಏಳರಲ್ಲಿ ಆಕೆ ಸಾಯುತ್ತಿದ್ದಳು. ಎಂಟನೆಯದರಲ್ಲಿ ಶುರುವಿಗೇ ಸತ್ತಿದ್ದಳು. ಒಂಬತ್ತನೆಯದರಲ್ಲಿ ಸಾವೇ ಆಕೆಯಾಗಿ ಬಂದು ಬಾಗಿಲು ತಟ್ಟಿತು. ನಾನು ಮೈಕಿನ ಮುಂದೆ ನಿಂತು, "ಈ ಮಹಾನ್ ಕಲಾವಿದೆಯ ದಶಕಗಳ ತಪಸ್ಸಿಗೆ ತಲೆಬಾಗುತ್ತೇನೆ" ಎಂದವನು ನಿಜವಾಗಿಯೂ ಬಾಗಿದೆ. ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಬಾಗಿಲ ಬಳಿ ಆ ಮಹಾನ್ ಕಲಾವಿದೆ ಕಾಗದದ ಲೋಟಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದಳು.

ಭಾಷಣ ಮುಗಿಸಿ ಕೆಳಗಿಳಿದಾಗ ಹತ್ತಿರ ಬಂದು ಹೇಳಿದಳು. "ತಪಸ್ಸು ಗಿಪಸ್ಸು ಏನಿಲ್ಲ ಸರ್. ಮಲಗು ಅಂದ್ರೆ ಮಲಗ್ತೀನಿ. ಸಕ್ಕರೆ ಎಷ್ಟು?"

ವಿಭಾಗ ಇರುವುದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿದರೆ ಎಡಕ್ಕೆ ಒಂದು ಗೋಡೆಗೆ ಪೂರ್ತಿ ಹಸಿರು ಬಳಿದ ಸ್ಟುಡಿಯೋ, ಬಲಕ್ಕೆ ಕಬ್ಬಿಣದ ಜಾಲರಿಯ ಕ್ಯಾಮೆರಾ ಕೋಣೆ. ಅದರ ಪಕ್ಕಕ್ಕೆ ಎಡಿಟಿಂಗ್ ಮಾಡುವ ಮೂರು ಗೂಡುಗಳು. ಅವುಗಳಲ್ಲಿ ಇಬ್ಬರು ಕೂತರೆ ಒಬ್ಬರು ಉಸಿರು ಬಿಡಲು ಹೊರಗೆ ಬರಬೇಕು. ಕಾರಿಡಾರಿನ ತುದಿಯಲ್ಲಿ, ಶೌಚಾಲಯಕ್ಕೂ ನೋಟಿಸ್ ಬೋರ್ಡಿಗೂ ನಡುವೆ ಆಕೆಯ ಮೇಜು. ಎರಡು ದೊಡ್ಡ ಫ್ಲಾಸ್ಕು, ಬಿಸ್ಕತ್ತಿನ ಡಬ್ಬಿ, ಒರೆಸುವ ಬಟ್ಟೆ. ಎಲ್ಲರಿಗೂ ಆಕೆ ಟೀ ಅಕ್ಕ. ವಿಭಾಗದ ಮುಖ್ಯಸ್ಥರಿಗೆ ಆಕೆಗಿಂತ ಹತ್ತು ವರ್ಷ ಹೆಚ್ಚು, ಅವರಿಗೂ ಅಕ್ಕನೇ.

ಆಕೆ ಕಲೆಗೆ ಬಿದ್ದದ್ದು ಹನ್ನೆರಡು ವರ್ಷದ ಹಿಂದೆ. ಒಬ್ಬ ವಿದ್ಯಾರ್ಥಿಗೆ ಬರುತ್ತೇನೆಂದಿದ್ದ ನಟಿ ಕೈಕೊಟ್ಟಳು. ಕ್ಯಾಮೆರಾ ಐದು ಗಂಟೆಗೆ ವಾಪಸ್ ಕೊಡಬೇಕು. ಅವನು ಓಡಿಬಂದು, "ಅಕ್ಕಾ, ಐದೇ ನಿಮಿಷ, ಬಿಳೀ ಬಟ್ಟೆ ಹೊದ್ಕೊಂಡು ಮಲಗ್ಬಿಡಿ" ಎಂದು ಗೋಗರೆದ. ಬೆಳಗಿನಿಂದ ನಿಂತು ಕಾಲು ಬಿದ್ದುಹೋಗಿದ್ದವಳನ್ನು ಯಾರಾದರೂ ಮಲಗಲು ಕರೆದರೆ ಬೇಡ ಅನ್ನುವುದುಂಟೇ? ಮಲಗಿದವಳಿಗೆ ನಿದ್ದೆಯೇ ಹತ್ತಿಬಿಟ್ಟಿತು. 'ಸಾವಿನ ಪ್ರಶಾಂತಿಯನ್ನು ಅಪರೂಪದ ಸಂಯಮದಿಂದ ಅಭಿವ್ಯಕ್ತಿಸಲಾಗಿದೆ' ಎಂದು ತೀರ್ಪುಗಾರರು ಬರೆದರು. ಅಂದಿನಿಂದ ಪ್ರತಿ ತಂಡದವರೂ ಆಕೆಯನ್ನು ಸಾಯಿಸುತ್ತ ಬಂದಿದ್ದಾರೆ. ನಾನು ತಲೆಬಾಗಿದ ಹೊತ್ತಿಗೆ ಇಪ್ಪತ್ತೇಳು ಸಲ ಆಗಿತ್ತು. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಆಕೆ 'ತಾಯಿ', 'ಹೆಂಗಸು ಎರಡು', ಮೂವತ್ತನಾಲ್ಕನೆಯ ವಯಸ್ಸಿನಲ್ಲಿ 'ಮುದುಕಿ'.

"ಒಂದು ಹುಡುಗಿ ಬಂದು, ಅಕ್ಕಾ ಇದ್ರಲ್ಲಿ ನೀವು ಮನುಷ್ಯರಲ್ಲ, ವ್ಯವಸ್ಥೆ ಅಂದ್ಳು ಸರ್. ಆಗ್ಲಮ್ಮ, ವ್ಯವಸ್ಥೆ ಚಪ್ಪಲಿ ಹಾಕ್ಕೋಬೇಕಾ ಬಿಡ್ಬೇಕಾ ಅದೊಂದು ಹೇಳು ಅಂದೆ. ಅರ್ಧ ಗಂಟೆ ಯೋಚನೆ ಮಾಡಿದ್ಳು, ಪಾಪ."

ಸುಮ್ಮನೆ ಸಾಯುತ್ತಿದ್ದವಳಲ್ಲ. ಹಿಂದಿನ ಶಾಟಿನಲ್ಲಿ ಲೋಟ ಎಡಗೈಯಲ್ಲಿತ್ತು, ಕಿಟಕಿ ಮುಚ್ಚಿತ್ತು, ಅಂಗಿಯ ಗುಂಡಿ ಹಾಕಿತ್ತು ಎಂದು ನೆನಪಿಟ್ಟು ಹೇಳುವುದು ಆಕೆಯೇ. ಓದು ಮುಗಿಸಿದವರು ಏನಾದರೆಂಬುದೂ ಆಕೆಗೆ ಗೊತ್ತು. ಅವರೆಲ್ಲ ಆರು ತಿಂಗಳಿಗೊಮ್ಮೆ ಯಾವುದೋ ಪ್ರಮಾಣಪತ್ರಕ್ಕೋ ಶಿಫಾರಸು ಪತ್ರಕ್ಕೋ ಬಂದು ಆ ಮೇಜಿನ ಮುಂದೆ ನಿಲ್ಲುತ್ತಾರೆ. ಒಬ್ಬ ಮಾರಾಟಕ್ಕಿರುವ ಮನೆಗಳ ಬಚ್ಚಲು ಚೆನ್ನಾಗಿ ಕಾಣುವಂತೆ ಫೋಟೋ ತೆಗೆಯುತ್ತಾನೆ. ಆಕೆಯನ್ನು ವ್ಯವಸ್ಥೆ ಮಾಡಿದ ಹುಡುಗಿ ಬೇರೆಯವರ ವಿಡಿಯೋಗಳ ಕೆಳಗೆ ಅಕ್ಷರ ಕೂರಿಸುತ್ತಿದ್ದಳು. ಈಗ ಅದನ್ನು ಯಂತ್ರವೇ ಮಾಡುವುದರಿಂದ ಯಂತ್ರದ ತಪ್ಪು ತಿದ್ದುತ್ತಾಳೆ. ನಿದ್ದೆಯ ಚಿತ್ರ ತೆಗೆದವನು ಚಿನ್ನದ ಪದಕ ಪಡೆದು, ಎಲ್ಲೆಲ್ಲೋ ಸುತ್ತಿ, ಇದೇ ನೆಲಮಾಳಿಗೆಗೆ ಮರಳಿ ಕ್ಯಾಮೆರಾ ಕೋಣೆಯ ಜಾಲರಿಯ ಹಿಂದೆ ಕೂತಿದ್ದಾನೆ. ಯಾವ ಲೆನ್ಸ್ ಯಾರು ಒಯ್ದರು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಅವನ ಅಡ್ಡಹೆಸರು ಗೋಲ್ಡ್ ಮೆಡಲ್.

ಹೀಗಿರುವಾಗ ಟೀ ಅಕ್ಕನ ಮಗಳು ಹನ್ನೆರಡನೇ ತರಗತಿ ಪಾಸಾಗಿ, ಇದೇ ವಿಭಾಗಕ್ಕೆ ಸೇರುತ್ತೇನೆ ಎಂದಳು.

ಸಮಾರಂಭದ ದಿನ ನನ್ನ ನಂಬರು ತೆಗೆದುಕೊಂಡಿದ್ದ ಟೀ ಅಕ್ಕ ನನಗೆ ಫೋನು ಮಾಡಿದಳು. "ಸರ್, ಒಂದ್ಸಲ ಮನೆಗೆ ಬಂದು ಬೇಡ ಅಂತ ಹೇಳಿ. ನಾನ್ಹೇಳಿದ್ರೆ ಅಮ್ಮ ಹೇಳಿದ್ಲು ಅಂತಾಳೆ. ನೀವಾದ್ರೆ ದೊಡ್ಡೋರು." ದೊಡ್ಡವರು ಎನ್ನಿಸಿಕೊಂಡ ಮೇಲೆ ಹೋಗದಿರಲು ಆಗುತ್ತದೆಯೇ? ಬಸ್ಸಿನಲ್ಲಿ ಕೂತು, ಕಲೆ ಮತ್ತು ಜೀವನೋಪಾಯ ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷದ ಮಾತನ್ನು ಸಿದ್ಧಪಡಿಸಿಕೊಂಡೆ.

ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯಲ್ಲಿ ಮಂಚ, ಮಂಚದ ಕೆಳಗೆ ಮಗಳ ಪುಸ್ತಕ. ಮಗಳ ತಂದೆ ಇದ್ದಾನೆ, ಬೇರೆ ಊರಿನಲ್ಲಿ, ಬೇರೆ ಹೆಂಡತಿಯ ಜೊತೆ. ಆ ಮನೆಯಲ್ಲಿ ಗಂಡಸಿನ ಧ್ವನಿ ಎಂದರೆ ಮಗಳ ದೊಡ್ಡಮ್ಮನದೇ. ಟೀ ಅಕ್ಕನ ಅಕ್ಕ ಆಕೆ, ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಹೆಸರು ಕೂಗಿ ಒಳಗೆ ಕಳಿಸುವ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಶುರು ಮಾಡಿದಳು.

"ಕಟ್ಟುಹಲ್ಲು ಮಾಡೋ ಕೋರ್ಸಿದೆ ಸರ್. ಎರಡೇ ವರ್ಷ. ಇವಳ ಕೈ ನೋಡಿ ಎಷ್ಟು ನಾಜೂಕು. ಹಲ್ಲು ಎಲ್ಲರಿಗೂ ಉದುರುತ್ತೆ. ಸಿನಿಮಾ ಎಲ್ಲರಿಗೂ ಬೇಕಾ?"

"ಅದಕ್ಕೂ ಅರ್ಜಿ ಹಾಕಿದ್ದೀನಲ್ಲ ದೊಡ್ಡಮ್ಮ."

"ಮನಸ್ಸಿಟ್ಟು ಹಾಕಿದ್ಯಾ?"

"ಅರ್ಜೀಲಿ ಆ ಕಾಲಂ ಇರ್ಲಿಲ್ಲ."

ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ. "ಅಲ್ಲಮ್ಮ, ಇದನ್ನೇ ಯಾಕೆ ಓದ್ಬೇಕು ಅಂತ?"

ಹುಡುಗಿ ಆರನೆಯ ವಯಸ್ಸಿನಿಂದ ಶಾಲೆ ಬಿಟ್ಟ ಮೇಲೆ ಆ ಎಡಿಟಿಂಗ್ ಗೂಡುಗಳ ನೆಲದ ಮೇಲೆ ಕೂತು ಹೋಂವರ್ಕ್ ಮಾಡಿ ಬೆಳೆದವಳು. ಸ್ವಲ್ಪವೂ ಭಾವುಕಳಾಗದೆ ಹೇಳಿದಳು. "ಅಮ್ಮ ಸಾಯೋದನ್ನ ಇಪ್ಪತ್ತೇಳು ಸಲ ನೋಡಿದ್ದೀನಿ ಸರ್. ಒಂದ್ಸಲನೂ ಕ್ಯಾಮೆರಾ ಸರಿಯಾದ ಜಾಗದಲ್ಲಿ ಇಟ್ಟಿರ್ಲಿಲ್ಲ."

ನನ್ನ ಇಪ್ಪತ್ತು ನಿಮಿಷವನ್ನು ಒಂದೇ ವಾಕ್ಯಕ್ಕೆ ಇಳಿಸಿಕೊಂಡೆ. ಈ ದಾರಿಯಲ್ಲಿ ಅನ್ನ ಹುಟ್ಟುವುದು ಕಷ್ಟ ಎಂದೆ. "ನಿಮ್ಮ ಪುಸ್ತಕ ಎಷ್ಟು ಜನ ಓದಿದ್ದಾರೆ ಸರ್?" ಎಂದು ಕೇಳಿದಳು. ವ್ಯಂಗ್ಯವೇನಲ್ಲ, ತಿಳಿದುಕೊಳ್ಳಲು ಕೇಳಿದ್ದು. ನಾನು ಬಿಸ್ಕತ್ತು ತೆಗೆದುಕೊಂಡೆ. ಟೀ ಅಕ್ಕ ನನ್ನ ಕಡೆ ನೋಡಿದ ನೋಟದಲ್ಲಿ, ಇವರನ್ನು ಕರೆಸಿದ್ದು ದಂಡ ಎಂಬುದು ಚೆನ್ನಾಗಿ ಕಾಣುತ್ತಿತ್ತು.

ಪ್ರವೇಶಕ್ಕೆ ಐದು ನಿಮಿಷದ ಚಿತ್ರವೊಂದನ್ನು ತೆಗೆದು ಸಂದರ್ಶನಕ್ಕೆ ತರಬೇಕು. ಹುಡುಗಿ ಫೋನಿನಲ್ಲೇ ಅಮ್ಮನನ್ನು ತೆಗೆದಿದ್ದಳು. ಕೆಲಸದಿಂದ ಬಂದ ಅಮ್ಮ ಮಂಚದ ತುದಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸುತ್ತ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ಯಾವುದಕ್ಕೋ ಬಿದ್ದು ಬಿದ್ದು ನಗುತ್ತಾಳೆ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಅಷ್ಟೇ. ಕ್ಯಾಮೆರಾ ಅಡುಗೆಮನೆಯ ಬಾಗಿಲಲ್ಲಿ, ಹಾಲೂ ನಗುವೂ ಒಟ್ಟಿಗೆ ಕಾಣುವಂತೆ ಇತ್ತು. ಉಕ್ಕುವುದು ನಮಗೆ ಕಾಣುತ್ತದೆ, ಆಕೆಗೆ ಕಾಣುವುದಿಲ್ಲ.

ಇದನ್ನು ನಾನು ನೋಡಿದ್ದು ಸಂದರ್ಶನದ ದಿನ. ಮುಖ್ಯ ಅತಿಥಿಯಾಗಿ ಒಮ್ಮೆ ಸಿಕ್ಕಿಬಿದ್ದವನನ್ನು ವಿಶ್ವವಿದ್ಯಾಲಯ ಸುಲಭಕ್ಕೆ ಬಿಡುವುದಿಲ್ಲ. ನಾನೀಗ ಸಂದರ್ಶನ ಮಂಡಳಿಯ ಹೊರಗಿನ ಸದಸ್ಯ. ನನ್ನ ಪಕ್ಕಕ್ಕೆ ಮುಖ್ಯಸ್ಥರು, ಅವರಾಚೆ ಉದ್ಯಮದ ತಜ್ಞರೊಬ್ಬರು. ತಜ್ಞರು ನೆಲಕ್ಕೆ ಹಾಸುವ ಟೈಲ್ಸಿನ ಜಾಹೀರಾತು ತೆಗೆಯುತ್ತಾರೆ, ಆದರೆ ತಮ್ಮನ್ನು ಕಥೆಗಾರ ಎಂದು ಪರಿಚಯಿಸಿಕೊಳ್ಳುತ್ತಾರೆ.

"ಫ್ರೇಮ್ ಚೆನ್ನಾಗಿದೆ," ಅಂದರು ತಜ್ಞರು. "ಆದ್ರೆ ಈ ಲೇಡಿ... ಇಲ್ಲಿ ಎಲ್ಲರ ಸಿನಿಮಾದಲ್ಲೂ ಇವರೇ ಇರ್ತಾರಲ್ಲ ಸರ್? ಬಳಸಿ ಬಳಸಿ ಸವೆದುಹೋದ ಮುಖ. ನಿನ್ನದೇ ಅನ್ನೋ ಒಂದು ಮುಖ ಹುಡುಕಬೇಕಿತ್ತಮ್ಮ."

"ನಮ್ಮಮ್ಮ ಸರ್ ಅದು."

"ಅದು ಸರಿ. ಪ್ರೇಕ್ಷಕರಿಗೆ ಅದು ಗೊತ್ತಾಗಲ್ವಲ್ಲ."

ಮುಖ್ಯಸ್ಥರು ತಲೆಯಾಡಿಸಿದರು. "ಮತ್ತೆ, ಏನೂ ನಡೆಯೋದೇ ಇಲ್ಲ. ಸಂಘರ್ಷ ಬೇಕು."

"ಹಾಲು ಉಕ್ಕುತ್ತೆ ಸರ್."

"ಅದಲ್ಲಮ್ಮ. ಕೊನೇಲಿ ಆಕೆ ಹೋಗ್ಬಿಟ್ರೆ..." ಎಂದು ತಜ್ಞರು ಹೇಳುವಾಗಲೇ ಬಾಗಿಲು ತೆರೆಯಿತು. ಮಂಡಳಿಗೆ ಟೀ ಕೊಡಬೇಕಾದದ್ದು ಯಾರ ಕೆಲಸ? ಮಗಳ ಸಂದರ್ಶನ ಎಂದು ಮೇಜು ಬಿಟ್ಟು ಓಡಿಹೋಗಲು ಆಗುತ್ತದೆಯೇ?

"ಎಲ್ಲಿಗೆ ಸರ್?" ಎಂದಳು ಟೀ ಅಕ್ಕ, ಟ್ರೇ ಹಿಡಿದು.

ತಜ್ಞರು ತಲೆಯೆತ್ತದೆ ಲೋಟ ತೆಗೆದುಕೊಂಡು, ಥ್ಯಾಂಕ್ಸ್ ಅಂದರು. ಅವರ ಎದುರಿನ ಪರದೆಯ ಮೇಲೆ ಆಕೆ ಇನ್ನೂ ನಗುತ್ತಿದ್ದಳು. ಮುಖ್ಯಸ್ಥರು ನನ್ನ ಅಭಿಪ್ರಾಯ ಕೇಳಿದರು. ನಾನು "ಹ್ಞೂಂ" ಅಂದೆ. ಅದು ಯಾವ ಅರ್ಥದ ಹ್ಞೂಂ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿ ಮಾತ್ರ ನನ್ನ ಕಡೆ ಒಮ್ಮೆ ನೋಡಿ ಫೋನು ಜೇಬಿಗೆ ಹಾಕಿಕೊಂಡಳು.

ಅದೇ ಸಂಜೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಹುಡುಗಿಗೆ ಸೀಟು ಸಿಕ್ಕಿತ್ತು. ಸೀಟು ಅರವತ್ತು, ಅರ್ಜಿ ನಲವತ್ತೊಂದು, ಆಯ್ಕೆಯಾದವರು ನಲವತ್ತೊಂದು. ಹಾಗಿದ್ದರೆ ಸಂದರ್ಶನ ಏಕೆ ಎಂದು ಕೇಳಿದೆ. ಗುಣಮಟ್ಟ ಕಾಯ್ದುಕೊಳ್ಳಲು ಎಂದರು ಮುಖ್ಯಸ್ಥರು.

ಮನೆಗೆ ಹೋಗುವ ದಾರಿಯಲ್ಲಿ ಮಗಳು, "ನಂಗೆ ಬೇಡಮ್ಮ ಇದು. ಹಲ್ಲೇ ಮಾಡ್ತೀನಿ" ಎಂದಳಂತೆ. ತಾನು ಗೆದ್ದೆ ಎಂದು ಸಂತೋಷಪಡಬೇಕಾಗಿದ್ದ ತಾಯಿಗೆ ಅಂದು ರಾತ್ರಿ ಊಟ ಸೇರಲಿಲ್ಲ. "ನಾನು ಬೇಡ ಅಂದಾಗ ಬಿಟ್ಟಿದ್ರೆ ಬೇರೆ. ಆ ಟೈಲ್ಸಿನೋನ ಮಾತಿಗೆ ಬಿಟ್ಳಲ್ಲ ಸರ್" ಎಂದು ಮರುದಿನ ನನ್ನ ಹತ್ತಿರ ಹೇಳಿಕೊಂಡಳು.

ಆದರೆ ಹಲ್ಲಿನ ಕೋರ್ಸೂ ದಕ್ಕಲಿಲ್ಲ. ಹನ್ನೆರಡು ಸೀಟಿಗೆ ಐನೂರು ಅರ್ಜಿ ಬಂದಿದ್ದವು. ಕಾಯುವ ಪಟ್ಟಿಯಲ್ಲಿ ಹುಡುಗಿಯ ಸಂಖ್ಯೆ ಎಂಬತ್ತೆಂಟು. ದೊಡ್ಡಮ್ಮ ತನ್ನ ಡಾಕ್ಟರನ್ನು ಹಿಡಿದಳು, ಡಾಕ್ಟರು ಇನ್ಯಾರನ್ನೋ ಹಿಡಿದರು. ಎಂಬತ್ತೆಂಟು ಎಂಬತ್ತನಾಲ್ಕಾಯಿತು.

ಮಾಧ್ಯಮದ ಪ್ರವೇಶಕ್ಕೆ ಕೊನೆಯ ದಿನ ನಾನು ಯಾವುದೋ ಸಹಿ ಹಾಕಲು ನೆಲಮಾಳಿಗೆಗೆ ಹೋಗಿದ್ದೆ. ತಾಯಿ ಮಗಳಿಬ್ಬರೂ ಕ್ಯಾಮೆರಾ ಕೋಣೆಯ ಜಾಲರಿಯ ಮುಂದೆ ನಿಂತಿದ್ದರು. ಟೀ ಅಕ್ಕ ಗೋಲ್ಡ್ ಮೆಡಲ್‌ಗೆ ಹೇಳುತ್ತಿದ್ದಳು. "ನೀನು ನಿಜ ಹೇಳಪ್ಪ. ನಾನು ನಿನಗೋಸ್ಕರ ಮೊದಲ್ನೇ ಸಲ ಸತ್ತೋಳು. ಸೇರ್ಬೇಕಾ ಬೇಡ್ವಾ?"

ಅವನು ರಿಜಿಸ್ಟರಿನಿಂದ ಕಣ್ಣೆತ್ತಿದ. "ಬೇಡ ಅಕ್ಕ."

"ಸರಿ."

"ಬೇಡ. ಆದ್ರೆ ಬೇರೆ ಏನು ಮಾಡ್ತಾಳೆ?"

ಮಗಳು ಕೈಯಲ್ಲಿದ್ದ ಅರ್ಜಿಯ ಮಡಿಕೆ ಬಿಡಿಸಿದಳು.

"ನಾನೂ ಹಂಗೇ ಸೇರಿದ್ದು," ಎಂದು ಅವನು ಒಂದು ಲೆನ್ಸಿನ ಮುಚ್ಚಳ ಒರೆಸತೊಡಗಿದ.

ಪ್ರವೇಶದ ಅರ್ಜಿಯನ್ನು ಮೇಜಿನ ಮೇಲೆ, ಫ್ಲಾಸ್ಕುಗಳ ನಡುವೆ ಇಟ್ಟು ತುಂಬಿಸಿದರು. 'ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ' ಎಂಬಲ್ಲಿ ಮಗಳು 'ಬೇರೆ ಸಿಗಲಿಲ್ಲ' ಎಂದು ಬರೆದಳು. ತಾಯಿ ಬಗ್ಗಿ ನೋಡಿ ತಲೆಗೊಂದು ಮೊಟಕಿದಳು.

"ಹಂಗೆ ಬರೀಬಾರ್ದು ಕಣೇ. ಹೊಡೆದು ಹಾಕು. ಬರಿ. ಬಾಲ್ಯದಿಂದಲೂ ದೃಶ್ಯಮಾಧ್ಯಮದ ಬಗ್ಗೆ ನನಗಿದ್ದ ಅಪಾರ ಒಲವು..."

"ಒಲವು ಅಂತ ಯಾರಮ್ಮ ಹೇಳ್ತಾರೆ?"

"ಎಲ್ಲಾರೂ ಹೇಳ್ತಾರೆ. ಹನ್ನೆರಡು ವರ್ಷದಿಂದ ಇದೇ ಮೇಜಿನ ಮೇಲೆ ಬರ್ದಿದ್ದಾರೆ. ಬರಿ. ಸಮಾಜದ ದನಿಯಿಲ್ಲದವರಿಗೆ ದನಿಯಾಗುವ ಹಂಬಲ..."

ಮಗಳು ಬರೆದಳು. ಪೋಷಕರ ಸಹಿಯ ಜಾಗದಲ್ಲಿ ಟೀ ಅಕ್ಕ ಸಹಿ ಹಾಕಿ, ಕೈಗೆ ಅಂಟಿದ ಶಾಯಿಯನ್ನು ಮೇಜು ಒರೆಸುವ ಬಟ್ಟೆಗೆ ಒರೆಸಿಕೊಂಡಳು. ಅಷ್ಟರಲ್ಲಿ ಮೂರು ಜನ ಟೀಗೆ ಬಂದು ನಿಂತಿದ್ದರು.

ತರಗತಿ ಶುರುವಾಗಿ ಒಂದು ತಿಂಗಳಾಗಿತ್ತು. ಮುಂದಿನ ವರ್ಷವಾದರೂ ಅರವತ್ತು ಸೀಟು ತುಂಬಲಿ ಎಂದು ವಿಭಾಗದವರು ಪ್ರಚಾರದ ವಿಡಿಯೋ ಮಾಡಲು ಹೊರಟರು. ವಿದ್ಯಾರ್ಥಿನಿಯೂ ಇಲ್ಲಿಯವಳೇ, ತಾಯಿಯೂ ಇಲ್ಲಿಯವಳೇ, ಇಂಥ ಪೋಷಕರು ಇನ್ನೆಲ್ಲಿ ಸಿಗುತ್ತಾರೆ ಎಂದು ಮುಖ್ಯಸ್ಥರೇ ಮುಂದೆ ನಿಂತರು. ಕಾರಿಡಾರಿನಲ್ಲಿ ದೀಪ ಹಾಕಿದರು. ಟೀ ಅಕ್ಕನಿಗೆ ಫ್ಲಾಸ್ಕಿನ ಪಕ್ಕದಲ್ಲೇ ನಿಲ್ಲಲು ಹೇಳಿದರು. ಮೊದಲ ವರ್ಷದವರಲ್ಲಿ ಕೈ ಅಲುಗಾಡದವಳು ಇವಳೊಬ್ಬಳೇ ಎಂದು ಕ್ಯಾಮೆರಾದ ಹಿಂದೆ ಮಗಳನ್ನೇ ನಿಲ್ಲಿಸಿದ್ದರು. ಅವಳು ಕ್ಯಾಮೆರಾವನ್ನು ಎರಡು ಹೆಜ್ಜೆ ಎಡಕ್ಕೆ ಇಟ್ಟುಕೊಂಡಳು. ಮುಖ್ಯಸ್ಥರು ಅದನ್ನು ಮತ್ತೆ ನಡುವಿಗೆ ತರಿಸಿದರು.

"ಹೇಳಿ ಅಕ್ಕ," ಎಂದು ಮುಖ್ಯಸ್ಥರು ಧ್ವನಿಗೆ ಸ್ವಲ್ಪ ಜೇನು ಬೆರೆಸಿದರು. "ನಮ್ಮಲ್ಲಿ ಮೂರು ವರ್ಷ ಓದಿದ ಮೇಲೆ ನಿಮ್ಮ ಮಗಳು ಏನಾಗ್ತಾಳೆ? ಮನಸ್ಸಿಂದ ಹೇಳಿ."

ಟೀ ಅಕ್ಕ ಕ್ಯಾಮೆರಾದ ಕಡೆ ನೋಡಿದಳು.

"ಇಪ್ಪತ್ತೊಂದು ತುಂಬುತ್ತೆ ಸರ್."