ಸರ್ಕಾರದ ಮೊಟ್ಟೆ, ಕಸ್ಮುರಿಯ ಸಾವಿರದ ದಿನ

ರೆಂಬಾಂಗ್ ಕಡಲಂಚಿನ ಮೀನುಗಾರರ ಕೇರಿಯಲ್ಲಿ ಜುವಾರಿಯಾ ಅಜ್ಜಿ ಎಂದರೆ ಯಾರಿಗೂ ತಟ್ಟನೆ ಹೊಳೆಯದು, ಟೆಂಪೆ ಅಜ್ಜಿ ಎನ್ನಬೇಕು. ಸೋಯಾಕಾಳು ಬೇಯಿಸಿ, ತೇಗದೆಲೆಯಲ್ಲಿ ಕಟ್ಟಿ ಹುದುಗಿಸಿ, ಆ ಟೆಂಪೆಯನ್ನು ಮನೆಮನೆಗೆ ಮಾರಿ ಬದುಕಿದ ಜೀವ. ಆಳು ಗಿಡ್ಡ, ಬಾಯಿ ಉದ್ದ.

ಆ ತಿಂಗಳು ಅಂಚೆ ಕಚೇರಿಯಲ್ಲಿ ಸರ್ಕಾರದ ಆರು ಲಕ್ಷ ರುಪಿಯಾ ಸಹಾಯಧನ ಅವಳ ಕೈಗೆ ಬಂತು. ಲೆಕ್ಕಕ್ಕೆ ಲಕ್ಷ, ಕೊಳ್ಳಲು ಹೋದರೆ ಎರಡು ತಿಂಗಳ ದಿನಸಿ. ಅದೇ ತಿಂಗಳು ಗಂಡ ಕಸ್ಮುರಿ ತೀರಿಕೊಂಡು ಸಾವಿರ ದಿನ ತುಂಬುತ್ತಿತ್ತು. ಸಾವಿರದ ದಿನ ಕೇರಿಯನ್ನು ಕರೆದು, ಕುರಾನಿನ ಯಾಸೀನ್ ಅಧ್ಯಾಯ ಓದಿಸಿ, ಉಣ್ಣಿಸಿ, ಬುತ್ತಿ ಕಟ್ಟಿ ಕಳಿಸಬೇಕು. ಇಲ್ಲದಿದ್ದರೆ ಹೋದವನು ಪೂರ್ತಿ ಹೋಗುವುದಿಲ್ಲ, ಹೊಸಿಲಲ್ಲೇ ನಿಂತಿರುತ್ತಾನೆ ಎಂದು ಅಜ್ಜಿಯ ನಂಬಿಕೆ.

ಆದರೆ ಸಹಾಯಧನದ ಮೇಲ್ವಿಚಾರಕಿ ಎರ್ನಾ ಖಡಾಖಂಡಿತವಾಗಿ ಹೇಳಿದ್ದಳು: ದುಡ್ಡು ಅಕ್ಕಿ, ಮೊಟ್ಟೆ, ತರಕಾರಿಗೆ ಮಾತ್ರ. ಮದುವೆ, ಮುಂಜಿ, ಸತ್ತವರ ಊಟ ಎಂದು ಖರ್ಚು ಮಾಡಿದರೆ ಪಟ್ಟಿಯಿಂದ ಹೆಸರು ಹಾರಿಹೋಗುತ್ತದೆ.

ಅಜ್ಜಿ ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ ಸಂತೆಗೆ ಹೋಗಿ ಅಕ್ಕಿ, ಮೊಟ್ಟೆ, ತರಕಾರಿಯನ್ನೇ ತಂದಳು. ಮೊಟ್ಟೆಯೇ ಅರವತ್ತು!

ಸಾವಿರದ ದಿನ ಬೆಳಿಗ್ಗೆ ಹಿತ್ತಲಲ್ಲಿ ಒಲೆ ಉರಿಯುತ್ತಿರುವಾಗಲೇ ಎರ್ನಾ ಫಾರಂ ಹಿಡಿದು ಬಂದಳು.

"ಅಜ್ಜೀ, ಇಷ್ಟೂ ಮೊಟ್ಟೆ ನಿಮಗೊಬ್ರಿಗಾ?"

"ನೀನೇ ಅಲ್ವೇನವ್ವ, ಮೊಟ್ಟೆ ತಿನ್ನಿ ಅಂದಿದ್ದು?"

ಈರುಳ್ಳಿ ಹೆಚ್ಚುತ್ತಿದ್ದ ಪಕ್ಕದ ಮನೆಯ ಸಾರ್ಪಿಯಾ ಕಿಸಕ್ಕನೆ ನಕ್ಕಳು. "ಮುದುಕಿ ಇನ್ನೊಂದು ಮದ್ವೆ ಆಗ್ತಾಳಂತೆ, ಶಕ್ತಿ ಬೇಡ್ವಾ?"

"ನಿನ್ ಗಂಡನ್ನೇ ಕೊಡ್ತೀಯೇನೇ?" ಎಂದಳು ಅಜ್ಜಿ.

ಎರ್ನಾ ನಗು ನುಂಗಿಕೊಂಡಳು. "ನಾನು ಇದ್ದಿದ್ದು ಇದ್ದಂಗೆ ಬರೀಬೇಕು ಅಜ್ಜಿ. ಮನೇಲಿ ಉಣ್ಣೋರು ಎಷ್ಟು ಜನ?"

"ನಲವತ್ತೆರಡು."

"ಅಯ್ಯೋ, ನಾನು ಕೇಳಿದ್ದು ಮನೆಯೋರು!"

ಅಜ್ಜಿ ಸೌಟು ಕೆಳಗಿಟ್ಟಳು. "ನಾನೂ ಮನೆಯೋರ್ನೇ ಹೇಳಿದ್ದು. ನಮ್ಮೆಜಮಾನ್ರು ಹಾಸಿಗೆ ಹಿಡಿದಾಗ ನನ್ ಮಡಕೆಗೆ ಅಕ್ಕಿ ಹಾಕಿದ್ದು ಈ ಕೇರಿಯೋರೇ. ಆಗ ನಿನ್ ಸರ್ಕಾರ ಇನ್ನೂ ದಾರೀಲಿತ್ತು."

ಅಷ್ಟರಲ್ಲಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಊಟದ ಮನೆಗೆ ಬರಿಗೈಯಲ್ಲಿ ಬರುವವರುಂಟೆ? ಒಬ್ಬಳ ಬೋಗುಣಿಯಲ್ಲಿ ಅಕ್ಕಿ, ಒಬ್ಬಳ ಚೀಲದಲ್ಲಿ ಸಕ್ಕರೆ. ಊಟಕ್ಕೆಂದು ಸುರಿದು ಖಾಲಿಯಾಗಿದ್ದ ಅಜ್ಜಿಯ ಅಕ್ಕಿ ಡಬ್ಬ ಕಂಠಮಟ್ಟ ತುಂಬಿತು.

ಎರ್ನಾ ಡಬ್ಬವನ್ನು ಇಣುಕಿ ನೋಡಿದಳು. ಆಮೇಲೆ ಬರೆದಳು: ಅಕ್ಕಿ, ಕೊಂಡಿದ್ದಾರೆ. ಮೊಟ್ಟೆ, ಕೊಂಡಿದ್ದಾರೆ. ಮನೆಯಲ್ಲಿ ಎರಡು ತಿಂಗಳಿಗಾಗುವಷ್ಟು ದವಸವಿದೆ.

"ಊಟದ ವಿಚಾರ?" ಅಜ್ಜಿಯ ದನಿ ಸಣ್ಣಗಾಗಿತ್ತು.

"ಅದನ್ನ ಬರೆಯೋಕೆ ಇದ್ರಲ್ಲಿ ಜಾಗಾನೇ ಇಲ್ಲ ಅಜ್ಜಿ."

"ಹಂಗಾದ್ರೆ ಕೂತ್ಕೊಂಡು ಮೊಟ್ಟೆ ಸುಲಿ ಮಗಳೇ. ನಮ್ಮೆಜಮಾನ್ರು ಸಂಜೆಯೊಳಗೆ ಹೊರಡ್ಬೇಕು."