ಅಕ್ಕನ ಮಾತ್ರೆಯಲ್ಲಿ ನನ್ನ ಪಾಲು

ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಲ್ಲಿ ಅಕ್ಕನ ಮನೆಗೂ ನನ್ನ ಮನೆಗೂ ಒಂದೇ ಅಂಗಳ. ಇಬ್ಬರಿಗೂ ಬಿ.ಪಿ. ಅಕ್ಕನಿಗೆ ಅದರ ಜೊತೆಗೆ ಎದೆನೋವು. ಹಾಲಿನ ಕ್ಯಾನು ಹೊತ್ತು ಏರು ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು. ಬಂಗಾರಪೇಟೆಯ ಡಾಕ್ಟರು ಅವಳಿಗೆ ಎರಡು ಔಷಧಿ ಸೇರಿದ ಒಂದೇ ಮಾತ್ರೆ ಬರೆದುಕೊಟ್ಟಿದ್ದರು. ಬಿ.ಪಿ.ಗೂ ಅದೇ, ಎದೆಗೂ ಅದೇ. ಅದನ್ನು ನುಂಗತೊಡಗಿದ ಮೇಲೆ ಅವಳು ಎಲ್ಲೂ ನಿಲ್ಲದೆ ಡೈರಿಗೆ ಹೋಗಿಬರುತ್ತಿದ್ದಳು.

ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ಕ್ಲಾಸಿನಲ್ಲಿ. ನನ್ನ ಮಾತ್ರೆ ಮುಗಿದಾಗ ಆಂಡರ್ಸನ್‌ಪೇಟೆಗೆ ಹೋಗಿ ತರಲು ಸೋಮಾರಿತನ. ಒಂದು ಬೆಳಿಗ್ಗೆ ತಲೆ ಭಾರವಾಗಿ ಅಕ್ಕನ ಮುಂದೆ ಕೂತೆ.

"ನಿನ್ ಮಾತ್ರೇಲಿ ಎರಡು ಔಸ್ದಿ ಐತಲ್ಲಕ್ಕ. ನಂಗ್ ಬಿ.ಪಿ.ದೊಂದೇ ಸಾಕು. ಮುರ್ದು ಕೊಡು."

"ನಿಂಗ್ಯಾವ ಕಡೇದು, ನಂಗ್ಯಾವ ಕಡೇದು ಅಂತ ಗೊತ್ತೇನ್ಲಾ ಡಾಕ್ಟ್ರೇ?" ಎಂದು ನಕ್ಕಳು. ಆದರೂ ಮುರಿದಳು. ಚಿಕ್ಕಂದಿನಲ್ಲಿ ಅವ್ವ ಇಟ್ಟ ಮುದ್ದೆಯನ್ನೂ ಹೀಗೇ ಮುರಿದು, ದೊಡ್ಡ ಪಾಲನ್ನು ನನ್ನ ಕಡೆಗೆ ತಳ್ಳುತ್ತಿದ್ದವಳು. ಮರುದಿನವೂ ಕೈಚಾಚಿದೆ. ಆಮೇಲೆ ಅದೇ ರೂಢಿಯಾಯಿತು. ನನ್ನ ತಲೆಭಾರ ಇಳಿಯಿತು. ಪೇಟೆಗೆ ಹೋಗುವುದನ್ನೇ ಮರೆತೆ.

ಅಕ್ಕ ಡೈರಿಯ ದಾರಿಯಲ್ಲಿ ಮತ್ತೆ ನಿಂತು ನಿಂತು ನಡೆಯುತ್ತಿದ್ದುದು ನನಗೆ ಕಂಡಿತ್ತು. ವಯಸ್ಸಾಯಿತು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಒಂದು ದಿನ ಅವಳು ಕ್ಯಾನು ಕೆಳಗಿಟ್ಟು ಅಲ್ಲೇ ಕುಸಿದಳು. ಮೈಯೆಲ್ಲ ಬೆವರು. ಆಟೋದಲ್ಲಿ ಬಂಗಾರಪೇಟೆಗೆ ಕರೆದೊಯ್ದೆ.

"ಮಾತ್ರೆ ದಿನಾ ತಗೋತಿದ್ದೀರೇನಮ್ಮಾ?" ಎಂದರು ಡಾಕ್ಟರು.

"ಒಂದ್ ದಿನಾನೂ ಬಿಟ್ಟಿಲ್ಲ ಸ್ವಾಮಿ," ಎಂದಳು, ನನ್ನ ಕಡೆ ನೋಡದೆ.

ಹಾಗಾದರೆ ಈ ಮಾತ್ರೆ ಸಾಲುತ್ತಿಲ್ಲ, ಇನ್ನೂ ಜೋರಿನದು ಕೊಡಬೇಕು ಎಂದು ಅವರು ಬರೆಯಲು ಹೊರಟರು. ಸುಮ್ಮನಿದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

"ಅರ್ಧ ನಾನ್ ತಿಂತಿದ್ದೆ ಸಾರ್," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು ಬೈದರು. ಮಾತ್ರೆ ಮುರಿದರೆ ಎರಡೂ ಔಷಧಿ ಅರ್ಧರ್ಧ ಆಗುತ್ತವೆ, ಎದೆಯ ಔಷಧಿಯನ್ನು ಹೀಗೆ ತಟ್ಟನೆ ಇಳಿಸಿದರೆ ಜೀವಕ್ಕೇ ಅಪಾಯ ಎಂದರು. ಇಸಿಜಿ ತೆಗೆಸಿ ಅವಳನ್ನು ಅಲ್ಲೇ ಮಲಗಿಸಿಕೊಂಡರು. ಮೊದಲಿನ ಮಾತ್ರೆಯನ್ನೇ ಇಡಿಯಾಗಿ ಕೊಡತೊಡಗಿದರು. ನನಗೆ ನನ್ನದನ್ನು ಬೇರೆ ಬರೆದುಕೊಟ್ಟರು.

ಮಂಚದ ಪಕ್ಕ ಕೂತು ಅತ್ತುಬಿಟ್ಟೆ. "ಯಾಕಕ್ಕಾ ಸುಳ್ಳೇಳ್ದೆ?"

"ನಿನ್ನ ಬೈದ್ರೆ ನಂಗ್ ಕೇಳಕ್ಕಾಗ್ತದೇನ್ಲಾ? ಮೂಗೊರೆಸ್ಕೋ ಮೊದ್ಲು, ಮೊಮ್ಮಕ್ಳು ಕಂಡೋನು!"

ಈಗ ನಾನು ನನ್ನ ಮಾತ್ರೆ ನುಂಗಿದ್ದನ್ನು ಕಂಡಮೇಲೆಯೇ ಅವಳು ತನ್ನದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವಳದು ತಡವಾಗಬಾರದೆಂದು, ಹಾಲು ಕರೆಯುವ ಹೊತ್ತಿಗೇ ನೀರಿನ ಲೋಟ ಹಿಡಿದು ಅವಳ ಬಾಗಿಲಲ್ಲಿ ನಿಂತಿರುತ್ತೇನೆ.